ಹೆಗಲ ಮೇಲಿನ ಪ್ಯಾರಿಸ್

1839ರಲ್ಲಿ ಪ್ಯಾರಿಸ್ಸಿನ ಆಲ್ಫೋನ್ಸ್ ಜಿರೂ ಮಾರಾಟಕ್ಕಿಟ್ಟ ಡಗೇರ್ ಕ್ಯಾಮೆರಾದ ಪೂರ್ಣ ಸಾಮಗ್ರಿ ಸುಮಾರು 50 ಕಿಲೋ ತೂಗುತ್ತಿತ್ತು. ಮರದ ಪೆಟ್ಟಿಗೆ, ಬೆಳ್ಳಿ ಲೇಪದ ತಾಮ್ರದ ತಗಡು, ಅಯೋಡಿನ್ ಹೊಗೆ ಹಿಡಿಸುವ ಡಬ್ಬಿ, ಪಾದರಸ ಕಾಯಿಸುವ ಪಾತ್ರೆ, ಸ್ಪಿರಿಟ್ ದೀಪ, ಸೀಸೆಗಳು ಎಲ್ಲ ಸೇರಿ ಬೆಲೆ 400 ಫ್ರಾಂಕ್. 1925ರ ವಸಂತದಲ್ಲಿ ಲೈಪ್ಜಿಗ್ ಮೇಳದಲ್ಲಿ ಜನ ಕಂಡ ಲೈಕಾ ಅರ್ಧ ಕಿಲೋ ಕೂಡ ಇರಲಿಲ್ಲ, ಕೋಟಿನ ಜೇಬಿನಲ್ಲಿ ಹಿಡಿಯುತ್ತಿತ್ತು. ಛಾಯಾಗ್ರಹಣದ ಚರಿತ್ರೆಯನ್ನು ಸಾಮಾನ್ಯವಾಗಿ ಈ ಎರಡು ಅಂಕಿಗಳ ನಡುವೆ ಗೆರೆ ಎಳೆದು ಹೇಳುತ್ತಾರೆ: ಹೊರೆ ಇಳಿಯುತ್ತ ಬಂತು, ಛಾಯಾಗ್ರಾಹಕ ಬೀದಿಗೆ ಇಳಿದ. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಒಬ್ಬರೇ ನಗರ ಸುತ್ತಿ ಚಿತ್ರ ತೆಗೆದವರ ಚೀಲದಲ್ಲಿ ನಿಜವಾಗಿ ಏನಿತ್ತು, ಏನಿರಲಿಲ್ಲ ಎಂದು ನೋಡಿದರೆ ಇದರಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಕಾಣುತ್ತದೆ. ಪ್ಯಾರಿಸ್ ಅಂದರೆ ಇಂದು ನಮ್ಮ ಕಣ್ಣಿಗೆ ಕಟ್ಟುವ ಚಿತ್ರಗಳನ್ನು ಕೊಟ್ಟವರೆಲ್ಲ ತಮ್ಮ ಕಾಲದ ಅತಿ ಹಗುರ ಕ್ಯಾಮೆರಾವನ್ನೇನೂ ಆರಿಸಲಿಲ್ಲ. ಯಾವ ಹೊತ್ತಿನಲ್ಲಿ, ಯಾವ ನಡಿಗೆಯಲ್ಲಿ ನಗರವನ್ನು ನೋಡಬೇಕೆಂದು ಮೊದಲು ಗೊತ್ತುಮಾಡಿಕೊಂಡರು. ಅದಕ್ಕೆ ಬೇಡದ್ದನ್ನು ಮನೆಯಲ್ಲೇ ಬಿಟ್ಟು ಹೊರಟರು.

ಒಬ್ಬನೇ ಹೊರಡುವುದು ಬಹಳ ಕಾಲ ಸಾಧ್ಯವೇ ಇರಲಿಲ್ಲ. ಅದಕ್ಕೆ ಕಾರಣ ಕ್ಯಾಮೆರಾದ ಗಾತ್ರಕ್ಕಿಂತ ಹೆಚ್ಚಾಗಿ ರಸಾಯನ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದಲ್ಲಿ ಗಾಜಿಗೆ ಅಂಟುದ್ರಾವಣ ಹಚ್ಚಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಹಸಿಯಾಗಿರುವಾಗಲೇ ಚಿತ್ರ ತೆಗೆದು, ಒಣಗುವ ಮುಂಚೆ ಡೆವಲಪ್ ಮಾಡಿ ಮುಗಿಸಬೇಕು. ಸಿಗುವ ಸಮಯ ಹತ್ತು ಹದಿನೈದು ನಿಮಿಷ. ಹಾಗಾಗಿ ಡಾರ್ಕ್‌ರೂಮೇ ಟೆಂಟಿನ ರೂಪದಲ್ಲಿ ಛಾಯಾಗ್ರಾಹಕನ ಹಿಂದೆ ಬರುತ್ತಿತ್ತು. 1860ರ ದಶಕದಲ್ಲಿ ನಗರವನ್ನು ಹೊಸದಾಗಿ ಕಟ್ಟಿಸುತ್ತಿದ್ದ ಹೌಸ್ಮಾನ್‌ನ ಯೋಜನೆಗೆ ಬಲಿಯಾಗಲಿದ್ದ ಹಳೆಯ ಪ್ಯಾರಿಸ್ಸಿನ ನಾನೂರಕ್ಕೂ ಹೆಚ್ಚು ನೋಟಗಳನ್ನು ಚಾರ್ಲ್ಸ್ ಮಾರ್ವಿಲ್ ಗಾಜಿನ ಮೇಲೆ ಉಳಿಸಿದ್ದು ನಗರಾಡಳಿತ ವಹಿಸಿಕೊಟ್ಟ ಕಾಮಗಾರಿಯಾಗಿ. ಅದು ಒಂಟಿ ಸುತ್ತಾಟದ ಫಲವಲ್ಲ. ಇದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ಗುಸ್ತಾವ್ ಲೆ ಗ್ರೇ ರೂಪಿಸಿದ ಮೇಣದ ಕಾಗದದ ನೆಗೆಟಿವನ್ನು ಹಲವು ದಿನ ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳಬಹುದಿತ್ತು, ಚಿತ್ರ ತೆಗೆದ ಮೇಲೆ ಊರಿಗೆ ಬಂದು ತೊಳೆಯಬಹುದಿತ್ತು. ಕೊಲೋಡಿಯನ್ ನೋಡನೋಡುತ್ತಲೇ ಒಣಗುವ ನಮ್ಮ ಬಿಸಿಲಿಗೆ ಇದು ಹೇಳಿಮಾಡಿಸಿದ್ದು. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಪಾಳುನಗರವನ್ನು ಇಂಥ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲೇ ಹಿಡಿದ. ಅವು ಎಷ್ಟು ಸ್ಪಷ್ಟವಾಗಿದ್ದವೆಂದರೆ 1980ರ ದಶಕದಲ್ಲಿ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು ಮತ್ತೆ ಚಿತ್ರ ತೆಗೆಯುವುದಕ್ಕಾಯಿತು. ಮುಂದೆ ರಿಚರ್ಡ್ ಲೀಚ್ ಮ್ಯಾಡಕ್ಸ್ 1871ರಲ್ಲಿ ಸೂಚಿಸಿದ ಜೆಲಾಟಿನ್ ಒಣಪ್ಲೇಟು ಹತ್ತು ವರ್ಷದೊಳಗೆ ಕಾರ್ಖಾನೆಯ ಸರಕಾಯಿತು. ನನ್ನ ಮಟ್ಟಿಗೆ ದೊಡ್ಡ ತಿರುವು ಇದು, ಲೈಕಾ ಅಲ್ಲ. ಪ್ಲೇಟಿನ ಡಬ್ಬಿ ಕೊಂಡು, ಬೆಳಗ್ಗೆ ಹೊರಟು, ಸಂಜೆ ಮನೆಗೆ ಬಂದು ತೊಳೆಯುವ ಒಬ್ಬಂಟಿ ಛಾಯಾಗ್ರಾಹಕ ಹುಟ್ಟಿದ್ದು ಆಗ. ಡಾರ್ಕ್‌ರೂಮು ಮನೆಯಲ್ಲೇ ಉಳಿದ ಮೇಲೆಯೇ ಉಳಿದದ್ದರಲ್ಲಿ ಯಾವುದನ್ನು ಒಯ್ಯಬೇಕು ಎಂಬ ಪ್ರಶ್ನೆಗೆ ಅರ್ಥ ಬಂದದ್ದು.

ಆ ಪ್ರಶ್ನೆಗೆ ಯೂಜೀನ್ ಅಟ್ಜೆ ಕೊಟ್ಟ ಉತ್ತರ ಹಗುರವಾದದ್ದಲ್ಲ. ನಾವಿಕನಾಗಿ, ನಾಟಕದ ನಟನಾಗಿ ಬಾಳಿ ನೋಡಿ, 1890ರ ಸುಮಾರಿಗೆ ಕ್ಯಾಮೆರಾ ಹಿಡಿದ ಈತ 1927ರಲ್ಲಿ ತೀರಿಕೊಳ್ಳುವವರೆಗೂ 18×24 ಸೆಂಟಿಮೀಟರಿನ ಗಾಜಿನ ಪ್ಲೇಟುಗಳನ್ನೇ ನೆಚ್ಚಿಕೊಂಡಿದ್ದ. ಲೆಕ್ಕ ಹಾಕಿ ನೋಡಬಹುದು: ಆ ಅಳತೆಯ ಗಾಜು ಒಂದೂವರೆ ಮಿಲಿಮೀಟರ್ ದಪ್ಪವಿದ್ದರೂ ಒಂದೊಂದು ಪ್ಲೇಟು 160 ಗ್ರಾಂ ತೂಗುತ್ತದೆ. ಒಂದು ಡಜನ್ ಒಯ್ದರೆ ಬರೀ ಗಾಜೇ ಎರಡು ಕಿಲೋದ ಹತ್ತಿರ. ಅದರ ಮೇಲೆ ಮರದ ಹೋಲ್ಡರುಗಳು, ಬೆಲ್ಲೋಸ್ ಕ್ಯಾಮೆರಾ, ಲೆನ್ಸು, ಟ್ರೈಪಾಡು, ಕಪ್ಪು ಬಟ್ಟೆ. ಒಟ್ಟು ಹೊರೆ ಇಪ್ಪತ್ತು ಕಿಲೋದಷ್ಟಿತ್ತೆಂದು ಅಂದಾಜು. ಕೈಯಲ್ಲಿ ಹಿಡಿಯುವ ಕೊಡಕ್ 1888ರಲ್ಲೇ ನೂರು ಚಿತ್ರಗಳ ರೋಲಿನೊಂದಿಗೆ ಬಂದಿತ್ತು. ಅಂದಮೇಲೆ ಅಟ್ಜೆಗೆ ಹಗುರ ಕ್ಯಾಮೆರಾ ಸಿಗುತ್ತಿರಲಿಲ್ಲ ಎನ್ನುವಂತಿಲ್ಲ. ಕೊಡಕ್‌ನ ಆ ಚಿತ್ರಗಳು ಎರಡೂವರೆ ಇಂಚಿನ ಪುಟ್ಟ ವೃತ್ತಗಳು. ಅಟ್ಜೆಯ ಗಿರಾಕಿಗಳು ಗ್ರಂಥಾಲಯ, ವಸ್ತುಸಂಗ್ರಹಾಲಯ, ಚಿತ್ರಕಾರರು. ಬಾಗಿಲ ಬಳೆಯ ಕೆತ್ತನೆ, ಮೆಟ್ಟಿಲ ಕಂಬಿಯ ತಿರುವು, ಅಂಗಡಿ ಬೋರ್ಡಿನ ಅಕ್ಷರ ಅವರಿಗೆ ಬೇಕಾಗಿದ್ದವು. ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟ್ ಅಷ್ಟೇ ದೊಡ್ಡದು, ಕಾಗದಕ್ಕೆ ನೇರ ಒತ್ತಿ ಬಿಸಿಲಿಗಿಟ್ಟು ತೆಗೆದದ್ದು. ಭಾರದ ಪ್ರತಿ ಗ್ರಾಮಿಗೂ ಆತನ ಬಳಿ ಕಾರಣವಿತ್ತು.

ಆದರೆ ಅಟ್ಜೆ ಬಿಟ್ಟುಕೊಟ್ಟದ್ದೂ ಕಡಿಮೆಯಲ್ಲ. ಓಡುವ ಕುದುರೆಗಾಡಿ ಸಿಗಲಿಲ್ಲ, ಸಂತೆಯ ಗದ್ದಲ ಸಿಗಲಿಲ್ಲ, ಚಿತ್ರದೊಳಗೆ ನಡೆದುಬಂದವರು ಎಷ್ಟೋ ಸಲ ಮಬ್ಬಾಗಿ ಕರಗಿಹೋದರು. ಅದಕ್ಕೇ ಆತ ನಗರ ಏಳುವ ಮುಂಚಿನ ಬೆಳಕನ್ನು ಆರಿಸಿಕೊಂಡ. ಆತನ ಹಲವು ಪ್ರಿಂಟುಗಳ ಮೇಲಿನ ಎರಡು ಮೂಲೆಗಳನ್ನು ಗಮನಿಸಿದರೆ ಕಮಾನಿನಂತೆ ಕಪ್ಪು ಬಿದ್ದಿರುತ್ತದೆ. ಕಿರಿದಾದ ಓಣಿಯಲ್ಲಿ ನಿಂತು, ಕ್ಯಾಮೆರಾವನ್ನು ಓರೆಮಾಡದೆ, ಕಟ್ಟಡದ ನೆತ್ತಿ ಹಿಡಿಯಲು ಲೆನ್ಸನ್ನು ಹಲಗೆಯ ಮೇಲೆ ಅದರ ಮಿತಿ ಮೀರಿ ಏರಿಸಿದ್ದರ ಗುರುತು ಅದು. ಕೈಲಿದ್ದ ಸಲಕರಣೆಯಿಂದ ಎಷ್ಟು ಸಾಧ್ಯವೋ ಅಷ್ಟನ್ನೂ ಹಿಂಡಿ ತೆಗೆದ. ಕಪ್ಪು ಮೂಲೆಯನ್ನು ಮುಚ್ಚಿಡಲೂ ಹೋಗಲಿಲ್ಲ. 1920ರಲ್ಲಿ ಹಳೆಯ ಪ್ಯಾರಿಸ್ಸಿನ 2,600ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಫ್ರೆಂಚ್ ಸರ್ಕಾರ 10,000 ಫ್ರಾಂಕಿಗೆ ಕೊಂಡಿತು.

ಲೈಕಾ ಬಂದದ್ದು ಇನ್ನೊಂದು ಬಗೆಯ ನಡಿಗೆಗಾಗಿ. ವೆಟ್ಸ್ಲಾರಿನ ಲೈಟ್ಸ್ ಕಂಪನಿಯ ಓಸ್ಕರ್ ಬಾರ್ನಾಕ್‌ಗೆ ಉಬ್ಬಸ. ಪ್ಲೇಟು ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಆತನಿಂದ ಆಗುತ್ತಿರಲಿಲ್ಲ. ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, 24×36 ಮಿಲಿಮೀಟರಿನ ಚೌಕಟ್ಟು ಮಾಡಿ, ಚಿಕ್ಕ ನೆಗೆಟಿವಿನಿಂದ ದೊಡ್ಡ ಪ್ರಿಂಟ್ ತೆಗೆಯುವ ಉಪಾಯ ಹುಡುಕಿದ. ಹಂಗೇರಿಯಿಂದ ಬಂದು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಆಂದ್ರೆ ಕರ್ಟೇಸ್ 1928ರಲ್ಲಿ ಲೈಕಾ ಕೊಂಡ. 1932ರ ಹೊತ್ತಿಗೆ ಅದು ಹೆನ್ರಿ ಕಾರ್ಟಿಯೆ-ಬ್ರೆಸಾನ್‌ನ ಕೈಯಲ್ಲೂ ಇತ್ತು, ಹೆಚ್ಚುಪಾಲು 50 ಮಿಲಿಮೀಟರಿನ ಒಂದೇ ಲೆನ್ಸಿನೊಂದಿಗೆ. ಸ್ಯಾಂ-ಲಜಾರ್ ರೈಲುನಿಲ್ದಾಣದ ಹಿಂದೆ, ನಿಂತ ನೀರಿನ ಮೇಲೆ ಜಿಗಿಯುವ ಮನುಷ್ಯನ ಚಿತ್ರ ಆ ವರ್ಷದ್ದು. ಬೇಲಿಯ ಹಲಗೆಗಳ ಸಂದಿಯಲ್ಲಿ ಕ್ಯಾಮೆರಾ ಇಟ್ಟು ತೆಗೆದದ್ದು. ಸಂದಿ ಸಾಲದೆ ನೆಗೆಟಿವಿನ ಎಡಭಾಗ ಮುಚ್ಚಿಹೋಯಿತು, ಚೌಕಟ್ಟು ಕತ್ತರಿಸುವುದನ್ನು ಒಪ್ಪದ ಆತ ಈ ಒಂದನ್ನು ಕತ್ತರಿಸಲೇಬೇಕಾಯಿತು. ಬೆಲ್ಲೋಸ್ ಕ್ಯಾಮೆರಾ ಆ ಸಂದಿಯ ಹತ್ತಿರ ಹೋಗುವಂತೆಯೇ ಇರಲಿಲ್ಲ. ಹೊಳೆಯುವ ಲೋಹ ಜನರ ಕಣ್ಣಿಗೆ ಬೀಳದಿರಲೆಂದು ಆತ ಕ್ಯಾಮೆರಾಗೆ ಕಪ್ಪು ಟೇಪು ಸುತ್ತುತ್ತಿದ್ದ.

ಇಲ್ಲಿಗೆ ನಿಲ್ಲಿಸಿದರೆ ಹಗುರವೇ ಗೆದ್ದಿತು ಎಂದಾಗುತ್ತದೆ. ಆದರೆ ಅದೇ ಪ್ಯಾರಿಸ್ಸಿನಲ್ಲಿ, ಅದೇ ಹೊತ್ತಿಗೆ, ಬ್ರಸಾಯ್ ಎಂಬ ಛಾಯಾಗ್ರಾಹಕ ರಾತ್ರಿಗಳನ್ನು ಹಿಡಿಯುತ್ತಿದ್ದ. ರಾತ್ರಿಯಲ್ಲೂ ಚಿತ್ರ ತೆಗೆಯಬಹುದೆಂದು ಆತನಿಗೆ ತೋರಿಸಿಕೊಟ್ಟದ್ದು ಲೈಕಾ ಇದ್ದ ಕರ್ಟೇಸನೇ. ಆದರೂ ಬ್ರಸಾಯ್ ಹೊತ್ತದ್ದು ಫೋಗ್ಟ್‌ಲೆಂಡರ್ ಬರ್ಗ್‌ಹೈಲ್ ಎಂಬ ಮಡಿಸುವ ಕ್ಯಾಮೆರಾ, 6.5×9 ಸೆಂಟಿಮೀಟರಿನ ಎರಡು ಡಜನ್ ಪ್ಲೇಟು, ಒಂದು ಟ್ರೈಪಾಡು. ಮಂಜು ಕವಿದ ಬೀದಿದೀಪ, ತೊಯ್ದ ಕಲ್ಲುಹಾಸು, ಸೇತುವೆಯಡಿಯ ಕತ್ತಲು, ಇವು ನಿಮಿಷಗಟ್ಟಲೆ ಎಕ್ಸ್‌ಪೋಷರ್ ಕೇಳುತ್ತಿದ್ದವು. ಬೆಳಕು ಸುಮಾರಾಗಿದ್ದರೆ ಒಂದು ಗೋಲ್ವಾಜ್ ಸಿಗರೇಟು ಉರಿದು ಮುಗಿಯುವಷ್ಟು ಹೊತ್ತು, ತೀರಾ ಕತ್ತಲಿದ್ದರೆ ಇನ್ನೂ ದಪ್ಪದ ಬೊಯಾರ್ ಮುಗಿಯುವಷ್ಟು ಹೊತ್ತು ಶಟರ್ ತೆರೆದಿಡುತ್ತಿದ್ದ. ಬಾರ್‌ಗಳ ಒಳಗೆ ಮೆಗ್ನೀಸಿಯಂ ಪುಡಿ ಸಿಡಿಸಲು ಜೊತೆಗಾರ ಬೇಕಾಗುತ್ತಿದ್ದುದು ನಿಜ. ಪಾಳುಬೀದಿಯ ಚಿತ್ರಗಳಿಗೆ ಕಾಲೂರಿ ನಿಲ್ಲುವ ತಾಳ್ಮೆ ಸಾಕಿತ್ತು. 1932–33ರ ಚಳಿಗಾಲದಲ್ಲಿ ಹೊರಬಂದ ‘ಪಾರಿ ದ ನ್ವಿ’ (ರಾತ್ರಿಯ ಪ್ಯಾರಿಸ್) ಪುಸ್ತಕ ಹೀಗೆ ಆಯಿತು. ಒಂದೇ ನಗರ, ಒಂದೇ ಕಾಲ, ಇಬ್ಬರ ಚೀಲ ಒಂದಕ್ಕೊಂದು ವಿರುದ್ಧ. ಕಾಲ ಕಳೆದಂತೆ ಸಲಕರಣೆ ತಾನಾಗಿ ಹಗುರವಾಯಿತು ಎಂಬ ವಾದ ಈ ಒಂದು ವರ್ಷವನ್ನು ವಿವರಿಸಲಾರದು.

ಬೆರೆನಿಸ್ ಅಬಟ್‌ಳ ಉದಾಹರಣೆ ಇನ್ನೂ ಗಟ್ಟಿ. ಅಟ್ಜೆ ತೀರಿಕೊಂಡ ಮೇಲೆ ಉಳಿದಿದ್ದ ಆತನ ಸಂಗ್ರಹವನ್ನು ಕೊಂಡು ಕಾಪಾಡಿದವಳು ಆಕೆ. 1929ರಲ್ಲಿ ನ್ಯೂಯಾರ್ಕಿಗೆ ಮರಳಿ ಮೊದಲು ಬೀದಿ ಸುತ್ತಿದ್ದು ಕೈಯಲ್ಲಿ ಹಿಡಿಯುವ ಚಿಕ್ಕ ಕ್ಯಾಮೆರಾದೊಂದಿಗೆ. ಗಗನಚುಂಬಿಗಳ ಗೆರೆ, ಅಂಗಡಿಮುಂಗಟ್ಟಿನ ವಿವರ ಅದಕ್ಕೆ ದಕ್ಕಲಿಲ್ಲ. ಚಿಕ್ಕದನ್ನು ಬಿಟ್ಟು 8×10 ಇಂಚಿನ ಸೆಂಚುರಿ ಯೂನಿವರ್ಸಲ್‌ಗೆ ಬಂದಳು. ಹಗುರದಿಂದ ಭಾರಕ್ಕೆ, ಬೇಕೆಂದೇ. 1939ರ ‘ಚೇಂಜಿಂಗ್ ನ್ಯೂಯಾರ್ಕ್’ ಪುಸ್ತಕ ಆ ಆಯ್ಕೆಯದು.

ಇವರೆಲ್ಲ ಆ ಊರುಗಳಲ್ಲೇ ಇದ್ದವರು, ಇವತ್ತು ತಪ್ಪಿದ್ದು ನಾಳೆ ಸಿಗುತ್ತಿತ್ತು. ನಾಲ್ಕು ದಿನಕ್ಕೆ ಹೋಗುವವರು ಎಲ್ಲಕ್ಕೂ ಸಿದ್ಧವಾಗಿ ಹೋಗಬೇಡವೇ ಎಂದು ಕೇಳಬಹುದು. ಇದು ತೂಕದ ಆಕ್ಷೇಪ. ಆದರೆ ಕಾರ್ಟಿಯೆ-ಬ್ರೆಸಾನ್ 1933ರಲ್ಲಿ ಸ್ಪೇನಿಗೆ, 1934ರಲ್ಲಿ ಮೆಕ್ಸಿಕೋಗೆ ಹೋದದ್ದು ಪರದೇಶಿಯಾಗಿ, ಲೈಕಾವನ್ನೇ ನಂಬಿ. ಸಮಯ ಕಡಿಮೆಯಿದ್ದಷ್ಟೂ ಲೆನ್ಸ್ ಬದಲಿಸುವ ಹೊತ್ತು ದುಬಾರಿಯಾಗುತ್ತದೆ. ಹಾಗಾದರೆ ಜೂಮ್ ಇದೆಯಲ್ಲ ಎನ್ನುತ್ತಾರೆ. 35 ಮಿಲಿಮೀಟರ್ ಫಿಲ್ಮಿನ ಸ್ಥಿರಚಿತ್ರಕ್ಕೆಂದು ಮೊದಲ ಜೂಮ್ ಲೆನ್ಸ್, 36–82ರ ಜೂಮಾರ್, 1959ರಲ್ಲಿ ಬಂತು. ಅದರಿಂದ ಉಪಕಾರವಾದದ್ದು ಸುಳ್ಳಲ್ಲ, ಪತ್ರಿಕೆಗೆ ದುಡಿಯುವವರಿಗೆ ಅದಿಲ್ಲದೆ ಆಗದು. ಆದರೆ ಮನೆಯಲ್ಲಿ ಮುಗಿಸಬಹುದಾಗಿದ್ದ ಆಯ್ಕೆಯನ್ನು ಅದು ಬೀದಿಯ ತಿರುವಿಗೆ ತಂದು ನಿಲ್ಲಿಸುತ್ತದೆ. ಉಂಗುರ ತಿರುಗಿಸುವಷ್ಟರಲ್ಲಿ ನೀರು ದಾಟುವವನು ದಾಟಿರುತ್ತಾನೆ. ಮೊಬೈಲು ಭಾರದ ಪ್ರಶ್ನೆಯನ್ನೇ ಅಳಿಸಿಹಾಕಿದೆ, ಹಗಲಿನ ಬೀದಿಗೆ ಎಷ್ಟೋ ಜನಕ್ಕೆ ಅದೇ ಸಾಕು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಹೊತ್ತಿನ ಪ್ರಶ್ನೆ ಮಾತ್ರ ಅಲ್ಲೂ ಹಾಗೇ ಉಳಿದಿದೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯವರ ಕೈಚೀಲಕ್ಕೆ 7 ಕಿಲೋ ಮಿತಿ, ಬಿಡಿ ಲಿಥಿಯಂ ಬ್ಯಾಟರಿಗಳು ಆ ಚೀಲದಲ್ಲೇ ಬರಬೇಕು. ಆ ಏಳು ಕಿಲೋದಲ್ಲಿ ಎರಡು ಮೂರು ಲೆನ್ಸ್ ಹಿಡಿಸುವುದು ಕಷ್ಟವೇನಲ್ಲ. ಹಿಡಿಸಿದ ಮೇಲೂ ಬೆಳಗಿನ ಸುತ್ತಿಗೆ ಒಂದು, ರಾತ್ರಿಯ ಸುತ್ತಿಗೆ ಇನ್ನೊಂದು ಎಂದು ಬೇರೆಮಾಡಿ, ಮಿಕ್ಕಿದ್ದನ್ನು ಕೋಣೆಯಲ್ಲೇ ಇಟ್ಟು ಹೊರಡಬಹುದು. ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಟ್ರೈಪಾಡಿಗೆ ಮುಂಗಡ ಅನುಮತಿ ಬೇಕಾದ್ದರಿಂದ, ಹಂಪಿಯಂಥ ಕಡೆ ಅದನ್ನು ಹೊರಬೇಕೋ ಬೇಡವೋ ಎಂಬುದು ಊರು ಬಿಡುವ ಮೊದಲೇ ತೀರ್ಮಾನವಾಗಬೇಕು.