ಪಾಚಿ ಹೇಳಿದ ಇತಿಹಾಸ

ಮೊನ್ನೆ ಚಂದ್ರವಳ್ಳಿ ಕೆರೆ ಏರಿ ಮೇಲೆ ಕೂತಿದ್ದೆವು. ಅಕ್ಕನ ಮಗ ದಡದ ಪಾಚಿಯನ್ನು ಕೋಲಿನಿಂದ ಕೆದಕುತ್ತಾ, "ಮಾಮ, ಈ ಜಾಗ ಇಷ್ಟು ಹಳೇದು ಅಂತ ಹೆಂಗೆ ಗೊತ್ತಾಗುತ್ತೆ?" ಅಂದ. ಉತ್ತರ ಅವನ ಕೋಲಿನ ತುದಿಯಲ್ಲೇ ಇತ್ತು!

ಮಯೂರಶರ್ಮ ಇಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನ ಭೈರವೇಶ್ವರ ಗುಡಿಯ ಬಳಿ ಬಂಡೆ ಮೇಲಿದೆ. ನಾಲ್ಕನೇ ಶತಮಾನದ್ದು. ಅದಕ್ಕೂ ಹಿಂದಿನ ಕಥೆ ಮಣ್ಣಿನೊಳಗಿತ್ತು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ ಕಾಲ ಹೇಳಲು ನೆಚ್ಚಿಕೊಂಡಿದ್ದು ಶಾತವಾಹನರ ಮತ್ತು ರೋಮನ್ ನಾಣ್ಯಗಳನ್ನು, ಮಡಕೆ ಚೂರುಗಳನ್ನು. ನಾಣ್ಯವೇ ಸಿಗದ ಪದರಕ್ಕೆ? ಅಂದಾಜೇ ಗತಿ.

ಇನ್ನೊಂದು ದಾರಿ ಆಗಲೇ ಅಮೆರಿಕದ ಬರ್ಕಲಿಯಲ್ಲಿ ಹುಟ್ಟಿತ್ತು. ಹುಡುಕಿದವರು ಇತಿಹಾಸಕಾರರಲ್ಲ, ಎಲೆಯ ಗುಟ್ಟಿನ ಬೆನ್ನು ಹತ್ತಿದ್ದ ಸ್ಯಾಮ್ ರೂಬೆನ್ ಮತ್ತು ಮಾರ್ಟಿನ್ ಕಾಮೆನ್. ಗಿಡ ಬಿಸಿಲಿನಲ್ಲಿ ಗಾಳಿಯ ಇಂಗಾಲವನ್ನು ಸಕ್ಕರೆ ಮಾಡುವಾಗ ನಡುವೆ ಏನೇನಾಗುತ್ತದೆ ಅನ್ನೋದು ಅವರ ಪ್ರಶ್ನೆ. ಅವರ ಬಳಿಯಿದ್ದ ವಿಕಿರಣಶೀಲ ಇಂಗಾಲ-11 ಇಪ್ಪತ್ತೇ ನಿಮಿಷಕ್ಕೆ ಅರ್ಧ ಕರಗಿಹೋಗುತ್ತಿತ್ತು. ಹೆಚ್ಚು ಬಾಳುವುದನ್ನು ಹುಡುಕುತ್ತಾ 1940ರ ಫೆಬ್ರವರಿಯಲ್ಲಿ ಕಂಡದ್ದು ಇಂಗಾಲ-14. ಅದು ಅರ್ಧವಾಗಲು ಸುಮಾರು 5730 ವರ್ಷ ಬೇಕು! ಮರುವರ್ಷ ಅವರೇ ತೋರಿಸಿದರು: ಎಲೆ ಬಿಡುವ ಆಮ್ಲಜನಕ ಬರುವುದು ನೀರಿನಿಂದ. ಬೆಳಕಿನ ಬಲದಿಂದ ನೀರು ಒಡೆಯುತ್ತದೆ, ಆ ಶಕ್ತಿಯಲ್ಲಿ ಸಕ್ಕರೆ ತಯಾರಾಗುತ್ತದೆ.

ಆದರೆ ಫಲ ಉಂಡವರು ಬೇರೆ. 1943ರಲ್ಲಿ ಯುದ್ಧಕಾಲದ ಸಂಶೋಧನೆಯಲ್ಲಿ ವಿಷಾನಿಲ ತಗುಲಿ ರೂಬೆನ್ ತೀರಿಕೊಂಡ. ವಯಸ್ಸು 29. ಮರುವರ್ಷ, ಗೂಢಚಾರನೆಂಬ ಸುಳ್ಳು ಅನುಮಾನಕ್ಕೆ ಕಾಮೆನ್ ಕೆಲಸ ಕಳೆದುಕೊಂಡ. ಅದೇ ಇಂಗಾಲ-14ನ್ನು ಕ್ಲೋರೆಲ್ಲಾ ಎಂಬ ಹಸಿರು ಪಾಚಿಗೆ ಉಣಿಸಿ, ಸಕ್ಕರೆಯ ದಾರಿಯನ್ನು ಕ್ಯಾಲ್ವಿನ್, ಬೆನ್ಸನ್, ಬ್ಯಾಶಮ್ ಬಿಡಿಸಿದರು. 1961ರ ನೊಬೆಲ್ ಕ್ಯಾಲ್ವಿನ್ ಒಬ್ಬನಿಗೇ ಬಂತು. ಹಿಂದಿನ ವರ್ಷದ್ದು, ಇಂಗಾಲ-14ರಿಂದ ಕಾಲ ಅಳೆದ ಲಿಬ್ಬಿಗೆ.

ಲಿಬ್ಬಿಯ ಲೆಕ್ಕ ನಿಂತಿರೋದೂ ಎಲೆಯ ಮೇಲೇ. ಆಕಾಶದಲ್ಲಿ ಹುಟ್ಟುವ ಇಂಗಾಲ-14ನ್ನು ಗಿಡ ಗಾಳಿಯೊಂದಿಗೆ ಹೀರುತ್ತದೆ. ಗಿಡದಿಂದ ದನಕ್ಕೆ, ನಮಗೆ. ಜೀವ ಹೋದ ದಿನ ಹೀರುವುದು ನಿಂತು, ಒಳಗಿದ್ದದ್ದು ಕರಗುತ್ತಾ ಹೋಗುತ್ತದೆ. ಹಾಗಾಗಿ ಹಳೇ ಒಲೆಯ ಒಂದು ತುಂಡು ಇದ್ದಿಲಿಗೂ ತನ್ನ ವಯಸ್ಸು ಗೊತ್ತು.

ಎಲ್ಲ ಕೇಳಿ ಹುಡುಗ ಕೋಲು ಬಿಸಾಕಿ ಅಂದ: "ಮತ್ತೆ ಆ ಇಬ್ಬರ ಹೆಸರು ನಮ್ಮ ಪುಸ್ತಕದಲ್ಲಿ ಯಾಕಿಲ್ಲ?"

ನನಗೆ ಉತ್ತರ ಹೊಳೆಯಲಿಲ್ಲ. ನೀವಾಗಿದ್ರೆ ಏನು ಹೇಳ್ತಿದ್ರಿ?