ಪಟ್ಟಿಯ ಟ್ಯಾಂಕು, ಮರಳಿನ ಟ್ಯಾಂಕು

ಬಸವನಗುಡಿ, ಲಾಲ್‌ಬಾಗ್ ದಾಟಿದರೆ ಬೆಂಗಳೂರು ಮುಗಿದೇ ಹೋಗುತ್ತಿದ್ದ ಕಾಲ ಅದು. ಜಯನಗರ ಬಡಾವಣೆ ಹುಟ್ಟಲು ಇನ್ನೂ ಏಳು ವರ್ಷ ಬೇಕಿತ್ತು. ಬನಶಂಕರಿಯ ಸುತ್ತ ಹೊಲ, ತೋಟ, ಕೆರೆಗಳಿದ್ದವು. 1941ರ ಆ ದಿನಗಳಲ್ಲಿ ಊರಿಗೆ ಸಾವಿರಾರು ಮಂದಿ ಇಟಲಿಯ ಸೈನಿಕರು ಬಂದಿಳಿದರು. ಅವರು ದಂಡೆತ್ತಿ ಬಂದವರಲ್ಲ, ಸೆರೆಸಿಕ್ಕು ಬಂದವರು. ಊರಿನ ಉತ್ತರಕ್ಕೆ ಜಾಲಹಳ್ಳಿಯಲ್ಲಿಯೂ ಸುತ್ತಮುತ್ತಲ ಬಯಲಿನಲ್ಲಿಯೂ ಮುಳ್ಳುತಂತಿಯ ಬೇಲಿ ಹಾಕಿ ಇವರಿಗಾಗಿ ಶಿಬಿರಗಳನ್ನು ಕಟ್ಟಲಾಗಿತ್ತು.

ಇವರಲ್ಲಿ ಬಹುಮಂದಿ ಸೆರೆಯಾದದ್ದು ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಯಲ್ಲಿ. 1940ರ ಡಿಸೆಂಬರ್ 9ರ ಮುಂಜಾನೆ ಬ್ರಿಟಿಷ್ ಟ್ಯಾಂಕುಗಳೊಂದಿಗೆ ಇಟಲಿಯ ಶಿಬಿರಗಳ ಮೇಲೆ ಮೊದಲು ಎರಗಿದ್ದು 4ನೆಯ ಭಾರತೀಯ ಡಿವಿಷನ್. ಅಲ್ಲಿಂದ ಎರಡು ತಿಂಗಳೊಳಗೆ ಇಟಲಿಯ ಸುಮಾರು 1,30,000 ಸೈನಿಕರು ಬ್ರಿಟಿಷರ ಕೈಗೆ ಸಿಕ್ಕರು. ಮಿತ್ರ ದೇಶದ ಈ ದುರ್ಗತಿಯನ್ನು ಕಂಡ ಹಿಟ್ಲರ್ ಆಫ್ರಿಕಕ್ಕೆ ತನ್ನ ಟ್ಯಾಂಕುಗಳನ್ನೂ ರೊಮೆಲ್ ಎಂಬ ಸೇನಾಪತಿಯನ್ನೂ ಕಳುಹಿಸಿದ. 1941ರ ಫೆಬ್ರುವರಿ 12ರಂದು ರೊಮೆಲ್ ಟ್ರಿಪೋಲಿಯಲ್ಲಿ ಇಳಿದ.

ಬೆಂಗಳೂರಿಗೆ ಈ ಸಂಗತಿ ಕೈದಿಗಳಿಗಷ್ಟೇ ಸೀಮಿತವಾಗಿರಲಿಲ್ಲ. ಹಲಸೂರು ಕೆರೆಯ ಬಳಿ ನೆಲೆ ಹೊಂದಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ 12ನೆಯ ಫೀಲ್ಡ್ ಕಂಪನಿ ಹಾಗೂ 11ನೆಯ ಫೀಲ್ಡ್ ಪಾರ್ಕ್ ಕಂಪನಿ 4ನೆಯ ಭಾರತೀಯ ಡಿವಿಷನ್ನಿನ ಅಂಗಗಳಾಗಿದ್ದವು. ಸೇತುವೆ ಕಟ್ಟುವ, ದಾರಿ ಮಾಡುವ, ಶತ್ರು ಹೂತಿಟ್ಟ ನೆಲಬಾಂಬುಗಳನ್ನು ಹುಡುಕಿ ತೆಗೆಯುವ ಸೈನಿಕರೇ ಸ್ಯಾಪರ್‌ಗಳು. ಬೆಂಗಳೂರಿನಲ್ಲಿ ಕವಾಯತು ಕಲಿತ ಈ ದಕ್ಷಿಣ ಭಾರತದ ಯುವಕರು ಇನ್ನು ಮುಂದೆ ಎದುರಿಸಬೇಕಾಗಿದ್ದದ್ದು ಜಗತ್ತೇ ಹೆದರಿದ್ದ ಜರ್ಮನಿಯ ಪ್ಯಾಂಜರ್ ಡಿವಿಷನ್ನುಗಳನ್ನು.

ಒಂದು ಡಿವಿಷನ್ ಎಂದರೆ ಏನು?

ಪ್ಯಾಂಜರ್ ಎಂದರೆ ಜರ್ಮನ್ ಭಾಷೆಯಲ್ಲಿ ಕವಚ. ಪ್ಯಾಂಜರ್ ಡಿವಿಷನ್ ಎಂದೊಡನೆ ಸಾಲುಸಾಲು ಟ್ಯಾಂಕುಗಳು ಕಣ್ಣ ಮುಂದೆ ಬರುತ್ತವೆ. ಆದರೆ ಹದಿಮೂರು-ಹದಿನೈದು ಸಾವಿರ ಜನರಿದ್ದ ಇಂತಹ ಡಿವಿಷನ್ನಿನಲ್ಲಿ ಟ್ಯಾಂಕಿನೊಳಗೆ ಕೂರುತ್ತಿದ್ದವರು ಸಣ್ಣ ಪಾಲು ಮಾತ್ರ. ಉಳಿದವರು ಲಾರಿಗಳಲ್ಲಿ ಬರುವ ಕಾಲಾಳುಗಳು, ಫಿರಂಗಿಯವರು, ಮೋಟಾರ್ ಸೈಕಲ್ ಸವಾರರು, ಟ್ಯಾಂಕು ನಾಶಕ ತೋಪಿನವರು, ಎಂಜಿನಿಯರುಗಳು, ನಿಸ್ತಂತು ಸಂಪರ್ಕದವರು, ಪೆಟ್ರೋಲು ಸಾಗಿಸುವವರು, ರಿಪೇರಿ ಮಾಡುವವರು, ಅಡುಗೆಯವರು ಮತ್ತು ವೈದ್ಯರು. ಟ್ಯಾಂಕು ಎಷ್ಟು ವೇಗವಾಗಿ ಹೋಗುತ್ತದೋ ಇವರೆಲ್ಲರೂ ಅಷ್ಟೇ ವೇಗವಾಗಿ ಹೋಗಬೇಕು ಎಂಬುದು ಜನರಲ್ ಗುಡೇರಿಯನ್ ಮುಂತಾದವರ ಚಿಂತನೆಯಾಗಿತ್ತು. ಟ್ಯಾಂಕುಗಳಲ್ಲಿ ರೇಡಿಯೊ ಇರಬೇಕೆಂಬ ಹಟವೂ ಅವರದೇ.

1935ರ ಅಕ್ಟೋಬರಿನಲ್ಲಿ ಜರ್ಮನಿ ಇಂತಹ ಮೂರು ಡಿವಿಷನ್ನುಗಳನ್ನು ಕಟ್ಟಿತು. ಪ್ರತಿಯೊಂದರಲ್ಲಿ ಎರಡು ಟ್ಯಾಂಕ್ ರೆಜಿಮೆಂಟು, ರೆಜಿಮೆಂಟಿಗೆ ಎರಡು ಬೆಟಾಲಿಯನ್, ಬೆಟಾಲಿಯನ್ನಿಗೆ ನಾಲ್ಕು ಕಂಪನಿ. ಮೊದಲ ಪಟ್ಟಿಯ ಪ್ರಕಾರ ಒಂದು ಡಿವಿಷನ್ನಿಗೆ 500ಕ್ಕೂ ಹೆಚ್ಚು ಟ್ಯಾಂಕುಗಳಿರಬೇಕಿತ್ತು. 1939ರಲ್ಲಿ ಪೋಲೆಂಡಿನ ಮೇಲೆ ದಾಳಿ ಮಾಡುವ ವೇಳೆಗೆ ದೊಡ್ಡ ಡಿವಿಷನ್ನುಗಳಲ್ಲೂ ಇದ್ದದ್ದು 300ರ ಆಸುಪಾಸು.

ಜರ್ಮನ್ ಸೇನೆಯ ಲೆಕ್ಕದ ಪುಸ್ತಕಗಳಲ್ಲಿ ಎರಡು ಅಂಕಣಗಳಿರುತ್ತಿದ್ದವು. ಒಂದು 'ಇರಬೇಕಾದದ್ದು', ಇನ್ನೊಂದು 'ಇರುವುದು'. ಇರುವುದರಲ್ಲೂ ಇಂದು ಓಡುವುದೆಷ್ಟು, ರಿಪೇರಿಯಲ್ಲಿರುವುದೆಷ್ಟು ಎಂಬ ಒಳಲೆಕ್ಕ ಬೇರೆ. ಯುದ್ಧದ ಆರು ವರ್ಷಗಳ ಕಥೆಯನ್ನು ಈ ಅಂಕಣಗಳ ನಡುವಿನ ಅಂತರದಲ್ಲೇ ಓದಬಹುದು.

ಭಾಗಾಕಾರದಿಂದ ಬಂದ ಬಲ

1940ರ ಮೇ ತಿಂಗಳಲ್ಲಿ ಫ್ರಾನ್ಸಿನ ಮೇಲೆ ನುಗ್ಗಿದಾಗ ಜರ್ಮನಿಯ ಬಳಿ 10 ಪ್ಯಾಂಜರ್ ಡಿವಿಷನ್ನುಗಳಲ್ಲಿ ಸುಮಾರು 2,400 ಟ್ಯಾಂಕುಗಳಿದ್ದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಗುರ ಮಾದರಿಯವು. ಮೊದಲನೆಯ ಮಾದರಿಗೆ ಎರಡು ಮೆಷಿನ್‌ಗನ್ ಬಿಟ್ಟರೆ ತೋಪೇ ಇರಲಿಲ್ಲ. ವಶಪಡಿಸಿಕೊಂಡ ಚೆಕೊಸ್ಲೊವಾಕಿಯದ ಕಾರ್ಖಾನೆಗಳ ಟ್ಯಾಂಕುಗಳೂ ಮುನ್ನೂರಕ್ಕೂ ಹೆಚ್ಚು ಇದರಲ್ಲಿ ಸೇರಿದ್ದವು. ಎದುರಿಗಿದ್ದ ಫ್ರೆಂಚರ ಟ್ಯಾಂಕುಗಳು ಎಣಿಕೆಯಲ್ಲಿ ಹೆಚ್ಚಿದ್ದವು, ಹಲವಕ್ಕೆ ಕವಚವೂ ದಪ್ಪವಾಗಿತ್ತು. ಆದರೆ ಅವು ಕಾಲಾಳುಗಳ ನಡುವೆ ಚದುರಿಹೋಗಿದ್ದವು, ಬಹಳಷ್ಟಕ್ಕೆ ರೇಡಿಯೊ ಇರಲಿಲ್ಲ. ಆರು ವಾರಗಳಲ್ಲಿ ಫ್ರಾನ್ಸ್ ಶರಣಾಯಿತು.

ಗೆಲುವಿನ ಅಮಲಿನಲ್ಲಿ ಹಿಟ್ಲರ್ ಪ್ಯಾಂಜರ್ ಡಿವಿಷನ್ನುಗಳ ಸಂಖ್ಯೆಯನ್ನು ದುಪ್ಪಟ್ಟು ಮಾಡಲು ಆಜ್ಞೆ ಹೊರಡಿಸಿದ. ಡಿವಿಷನ್ನುಗಳೇನೋ ಹತ್ತರಿಂದ ಇಪ್ಪತ್ತಾದವು. ಕಾರ್ಖಾನೆಗಳು ಆ ವೇಗಕ್ಕೆ ಟ್ಯಾಂಕುಗಳನ್ನು ಕೊಡಲಾರದೆ ಹೋದವು. ಹಳೆಯ ಡಿವಿಷನ್ನುಗಳಲ್ಲಿದ್ದ ಎರಡು ಟ್ಯಾಂಕ್ ರೆಜಿಮೆಂಟುಗಳಲ್ಲಿ ಒಂದನ್ನು ಕಿತ್ತು ಹೊಸದಕ್ಕೆ ಕೊಡಲಾಯಿತು. ಒಂದು ಡಿವಿಷನ್ನಿನ ಪಾಲಿಗೆ ಉಳಿದದ್ದು ಸುಮಾರು 150ರಿಂದ 200 ಟ್ಯಾಂಕು. ನಕ್ಷೆಯ ಮೇಲೆ ಗುರುತಿನ ಚೀಟಿಗಳು ಇಮ್ಮಡಿಯಾಗಿ ಕಾಣುತ್ತಿದ್ದವು. 1941ರ ಜೂನಿನಲ್ಲಿ ಸೋವಿಯತ್ ಒಕ್ಕೂಟದ ಮೇಲೆ ಇವುಗಳಲ್ಲಿ 17 ಡಿವಿಷನ್ನುಗಳು ನುಗ್ಗಿದವು. ಅದೇ ಸೇನೆಯ ಬಂಡಿಗಳನ್ನೂ ತೋಪುಗಳನ್ನೂ ಎಳೆಯಲು ಆರು ಲಕ್ಷಕ್ಕೂ ಹೆಚ್ಚು ಕುದುರೆಗಳು ಹೊರಟಿದ್ದವು. ಯಂತ್ರಬಲದ ಸೇನೆ ಎಂಬ ಹೆಸರಿನ ಹಿಂದೆ ಇಂಥ ವಾಸ್ತವವಿತ್ತು.

ಹೆಸರಿಗಷ್ಟೇ ಕವಚ

ಆಫ್ರಿಕಕ್ಕೆ ಮೊದಲು ಬಂದದ್ದು ಜರ್ಮನಿಯ 5ನೆಯ ಲಘು ಡಿವಿಷನ್. ಸುಮಾರು 150 ಟ್ಯಾಂಕುಗಳಿದ್ದ ಇದು ಮುಂದೆ 1941ರ ಆಗಸ್ಟಿನಲ್ಲಿ 21ನೆಯ ಪ್ಯಾಂಜರ್ ಡಿವಿಷನ್ ಎನಿಸಿಕೊಂಡಿತು. ಇದರ ಬೆನ್ನಿಗೇ 15ನೆಯ ಪ್ಯಾಂಜರ್ ಡಿವಿಷನ್ ಬಂತು. ಇವೆರಡೇ ಸೇರಿ ಆಫ್ರಿಕ ಕೋರ್ ಎಂದು ಹೆಸರಾದವು.

ಪಟ್ಟಿಗೂ ರಣರಂಗಕ್ಕೂ ಇರುವ ಅಂತರ ಜರ್ಮನರಿಗಷ್ಟೇ ಇದ್ದ ಕಾಯಿಲೆಯಾಗಿರಲಿಲ್ಲ. 1941ರ ಏಪ್ರಿಲಿನಲ್ಲಿ ಲಿಬಿಯಾದ ಮೆಕಿಲಿ ಎಂಬಲ್ಲಿ 3ನೆಯ ಭಾರತೀಯ ಮೋಟಾರ್ ಬ್ರಿಗೇಡ್ ರೊಮೆಲನ ಪಡೆಗೆ ಎದುರಾಯಿತು. ಅದರಲ್ಲಿದ್ದವು ಮೂರು ಭಾರತೀಯ ಅಶ್ವದಳಗಳು. ಕುದುರೆಗಳನ್ನು ಬಿಡಿಸಿ ಸವಾರರನ್ನು ಲಾರಿ ಹತ್ತಿಸಲಾಗಿತ್ತು. ಟ್ಯಾಂಕಿರಲಿ, ಕವಚದ ಕಾರು ಕೂಡ ಅವರ ಬಳಿ ಇರಲಿಲ್ಲ. ಅವರ ಜೊತೆಗೆ ಬ್ರಿಟಿಷರ 2ನೆಯ ಆರ್ಮರ್ಡ್ ಡಿವಿಷನ್ನಿನ ಮುಖ್ಯ ಕಚೇರಿಯೂ ಅಲ್ಲಿ ಸಿಕ್ಕಿಬಿದ್ದಿತ್ತು. ಆ ಡಿವಿಷನ್ನು ಇಟಲಿಯಿಂದ ಕಸಿದುಕೊಂಡ ಟ್ಯಾಂಕುಗಳನ್ನೂ ಬಳಸಿಕೊಂಡು ಹೇಗೋ ಲೆಕ್ಕ ತುಂಬಿಸಿತ್ತು. ಏಪ್ರಿಲ್ 8ರಂದು ಕೆಲವರು ಶತ್ರುವಿನ ಸುತ್ತುಗಟ್ಟನ್ನು ಭೇದಿಸಿ ಪಾರಾದರು. ಬಹಳ ಮಂದಿ ಸೆರೆಯಾದರು.

ಭಾರತದಲ್ಲಿಯೂ ಆ ವರ್ಷಗಳಲ್ಲಿ ಮೂರು ಆರ್ಮರ್ಡ್ ಡಿವಿಷನ್ನುಗಳನ್ನು ಕಟ್ಟುವ ಯೋಜನೆ ನಡೆದಿತ್ತು. ಟ್ಯಾಂಕುಗಳು ಸಾಕಷ್ಟು ಬರಲಿಲ್ಲ. ಮುಂದೆ ಸ್ವತಂತ್ರ ಭಾರತದ ಮೊದಲ ಭಾರತೀಯ ದಂಡನಾಯಕರಾದ ಕೊಡಗಿನ ಕೆ.ಎಂ. ಕಾರಿಯಪ್ಪ ಅವರಿಗೂ ಇದರ ಅನುಭವವಾಯಿತು. 1942ರಲ್ಲಿ ಅವರು ಕಟ್ಟಿದ ರಜಪೂತ ಮೆಷಿನ್‌ಗನ್ ಬೆಟಾಲಿಯನ್ನನ್ನು ಟ್ಯಾಂಕು ಪಡೆಯಾಗಿ ಮಾರ್ಪಡಿಸಲು 43ನೆಯ ಭಾರತೀಯ ಆರ್ಮರ್ಡ್ ಡಿವಿಷನ್ನಿಗೆ ಸೇರಿಸಿದರು. ಹೆಚ್ಚು ದಿನ ಕಳೆಯುವ ಮುನ್ನವೇ ಮತ್ತೆ ಕಾಲಾಳು ಪಡೆಯಾಗಿಸಿದರು. 1943ರಲ್ಲಿ ಆ ಡಿವಿಷನ್ನನ್ನೇ 44ನೆಯದರಲ್ಲಿ ವಿಲೀನಗೊಳಿಸಲಾಯಿತು. ಮರುವರ್ಷ 44ನೆಯದು ವಿಮಾನದಿಂದ ಇಳಿಯುವ ಪಡೆಯಾಗಿ ರೂಪಾಂತರ ಹೊಂದಿತು. ಅವೆರಡೂ ಇಡಿಯಾಗಿ ಟ್ಯಾಂಕು ಡಿವಿಷನ್ನುಗಳಾಗಿ ಒಂದು ಕದನವನ್ನೂ ಕಾಣಲಿಲ್ಲ. ನಮ್ಮಲ್ಲಿ ಪುಸ್ತಕದ ಬದನೆಕಾಯಿ ಎನ್ನುವುದು ಇಂಥದ್ದಕ್ಕೇ.

ಕೆಟ್ಟ ಟ್ಯಾಂಕು ಮರಳಿ ಬಂದರೆ

ಹಾಗಾದರೆ ಅಷ್ಟು ಕಡಿಮೆ ಟ್ಯಾಂಕುಗಳಿಂದ ರೊಮೆಲ್ ಎರಡು ವರ್ಷ ಕಾದಾಡಿದ್ದು ಹೇಗೆ? 1941ರ ಜೂನ್ 15ರಿಂದ 17ರವರೆಗೆ ಈಜಿಪ್ಟ್–ಲಿಬಿಯಾ ಗಡಿಯಲ್ಲಿ ನಡೆದ ಕಾಳಗ ಇದಕ್ಕೆ ಉತ್ತರ ಕೊಡುತ್ತದೆ. ಬ್ರಿಟಿಷರು ಸುಮಾರು 190 ಟ್ಯಾಂಕುಗಳೊಂದಿಗೆ ದಾಳಿ ಮಾಡಿದರು. ಹಲ್ಫಾಯ ಕಣಿವೆಯಲ್ಲಿ 4ನೆಯ ಭಾರತೀಯ ಡಿವಿಷನ್ನಿನ 11ನೆಯ ಬ್ರಿಗೇಡ್ ಮುನ್ನುಗ್ಗಿತು. ಅದರ ಜೊತೆಗಿದ್ದ ಭಾರಿ ಕವಚದ ಮಟಿಲ್ಡಾ ಟ್ಯಾಂಕುಗಳನ್ನು ಜರ್ಮನರ 88 ಮಿಲಿಮೀಟರ್ ತೋಪುಗಳು ದೂರದಿಂದಲೇ ಹೊಡೆದುರುಳಿಸಿದವು. ವಿಮಾನಗಳನ್ನು ಉರುಳಿಸಲೆಂದು ಮಾಡಿದ್ದ ಈ ತೋಪು ಟ್ಯಾಂಕುಗಳ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಮೂರು ದಿನಗಳಲ್ಲಿ ಬ್ರಿಟಿಷರು 91 ಟ್ಯಾಂಕುಗಳನ್ನು ಕಳೆದುಕೊಂಡರು. ಜರ್ಮನರು ಪೂರ್ತಿ ಕಳೆದುಕೊಂಡದ್ದು 12. ಅವರ ಇನ್ನೂ ಎಷ್ಟೋ ಟ್ಯಾಂಕುಗಳು ಪೆಟ್ಟು ತಿಂದಿದ್ದವು; ಆದರೆ ರಣರಂಗ ಅವರ ಕೈಯಲ್ಲೇ ಉಳಿಯಿತು. ಟ್ಯಾಂಕು ರೆಜಿಮೆಂಟಿನೊಂದಿಗೇ ಸಾಗುತ್ತಿದ್ದ ವರ್ಕ್‌ಶಾಪ್ ಕಂಪನಿ ಭಾರಿ ಟ್ರಾಕ್ಟರುಗಳಿಂದ ಕೆಟ್ಟ ಟ್ಯಾಂಕುಗಳನ್ನು ಎಳೆದು ತಂದು, ರಿಪೇರಿ ಮಾಡಿ ಮರಳಿ ಕಳುಹಿಸುತ್ತಿತ್ತು. ಬ್ರಿಟಿಷರ ಕೆಟ್ಟ ಟ್ಯಾಂಕುಗಳು ಮರಳಿನಲ್ಲೇ ಉಳಿದವು. ಎಣ್ಣೆ ಮೆತ್ತಿದ ಕೈಗಳ ಆ ಮೆಕ್ಯಾನಿಕರು ಇಲ್ಲದಿದ್ದರೆ ರೊಮೆಲನ ಖ್ಯಾತಿ ಅಲ್ಲಿಗೇ ಮುಗಿಯುತ್ತಿತ್ತೇನೋ. 1942ರ ಜನವರಿ 5ರಂದು ಟ್ರಿಪೋಲಿಗೆ ಹಡಗುಗಳಲ್ಲಿ 54 ಟ್ಯಾಂಕುಗಳು ಬಂದವು. ಯುರೋಪಿನ ಲೆಕ್ಕದಲ್ಲಿ ಅದು ಕ್ಷುಲ್ಲಕ ಸಂಖ್ಯೆ. ಆದರೆ ಸೋತು ಹಿಂದೆ ಸರಿದಿದ್ದ ರೊಮೆಲ್ ಅವುಗಳ ಬಲದಿಂದ ಜನವರಿ 21ರಂದು ಮತ್ತೆ ದಾಳಿಗಿಳಿದ.

ಅದೇ ಲೆಕ್ಕ ಆ ವರ್ಷದ ಕೊನೆಗೆ ತಿರುಗಿಬಿತ್ತು. 1942ರ ಅಕ್ಟೋಬರ್ 23ರಂದು ಎಲ್ ಅಲಮೀನ್ ಕದನ ಆರಂಭವಾದಾಗ ಬ್ರಿಟಿಷರ ಬಳಿ ಸಾವಿರಕ್ಕೂ ಹೆಚ್ಚು ಟ್ಯಾಂಕುಗಳಿದ್ದವು. ರೊಮೆಲನ ಬಳಿ ಜರ್ಮನ್ ಟ್ಯಾಂಕುಗಳು 250 ಕೂಡ ಇರಲಿಲ್ಲ; ಇಟಲಿಯವು ಸುಮಾರು ಅಷ್ಟೇ. ಟ್ರಿಪೋಲಿಯಿಂದ ಅಲ್ಲಿಗೆ ದಾರಿ 2,000 ಕಿಲೋಮೀಟರಿಗೂ ಹೆಚ್ಚು. ಪೆಟ್ರೋಲು ತರುವ ಲಾರಿಗಳೇ ದಾರಿಯುದ್ದಕ್ಕೂ ಪೆಟ್ರೋಲು ಕುಡಿಯುತ್ತಿದ್ದವು. ಅಕ್ಟೋಬರ್ 26ರಂದು ಪೆಟ್ರೋಲು ತರುತ್ತಿದ್ದ ಪ್ರೊಸರ್ಪಿನಾ ಎಂಬ ಹಡಗನ್ನು ಬ್ರಿಟಿಷ್ ವಿಮಾನಗಳು ಟೊಬ್ರುಕ್ ಬಳಿ ನಾಶಮಾಡಿದವು. ನವೆಂಬರ್ ಮೊದಲ ವಾರ ರೊಮೆಲ್ ಹಿಂದೆ ಸರಿಯುವಾಗ ಎರಡು ಪ್ಯಾಂಜರ್ ಡಿವಿಷನ್ನುಗಳೂ ಸೇರಿ ಉಳಿದಿದ್ದದ್ದು ಕೆಲವೇ ಹತ್ತು ಟ್ಯಾಂಕುಗಳು. ಹೆಸರು ಮಾತ್ರ ಡಿವಿಷನ್ ಎಂದೇ ಇತ್ತು.

ಮುಂದಿನ ವರ್ಷಗಳಲ್ಲಿ ಜರ್ಮನಿ ಮಾಡಿದ ಟ್ಯಾಂಕುಗಳು ಇನ್ನೂ ದೊಡ್ಡವು. ಟೈಗರ್ ಟ್ಯಾಂಕಿನ ಒಂದು ಬೆಟಾಲಿಯನ್ನಿಗೆ ಪಟ್ಟಿಯಲ್ಲಿ 45 ಟ್ಯಾಂಕು. ಆದರೆ ಯುದ್ಧ ಮುಗಿಯುವವರೆಗೆ ತಯಾರಾದ ಮೊದಲ ಮಾದರಿಯ ಟೈಗರುಗಳು ಸುಮಾರು 1,350 ಮಾತ್ರ. ಅಮೆರಿಕ ಶರ್ಮನ್ ಟ್ಯಾಂಕುಗಳನ್ನು 49,000ದಷ್ಟು ಮಾಡಿತು. 1943ರ ಜುಲೈಯಲ್ಲಿ ಕುರ್ಸ್ಕ್ ಕದನಕ್ಕೆ ಹೊಸ ಪ್ಯಾಂಥರ್ ಟ್ಯಾಂಕುಗಳು ಸುಮಾರು 200 ಇಳಿದವು. ಎಂಜಿನ್ ದೋಷ, ನೆಲಬಾಂಬು ಮತ್ತು ಶತ್ರುವಿನ ತೋಪುಗಳಿಂದಾಗಿ ಒಂದು ವಾರದೊಳಗೆ ಅವುಗಳಲ್ಲಿ ಬಹುಪಾಲು ಕೆಲಸಕ್ಕೆ ಬಾರದ ಸ್ಥಿತಿಗೆ ಬಂದವು.

ಮೊಣಕಾಲೂರಿದ ಸೈನಿಕ

ಪೆಟ್ರೋಲು, ಟ್ಯಾಂಕು ಎರಡೂ ಕಡಿಮೆಯಾದಂತೆ ಜರ್ಮನರು ಹೆಚ್ಚು ಹೆಚ್ಚು ನೆಚ್ಚಿಕೊಂಡದ್ದು ನೆಲಬಾಂಬುಗಳನ್ನು. ಅಲಮೀನಿನಲ್ಲಿ ಹೂತಿದ್ದ ನೆಲಬಾಂಬುಗಳು ನಾಲ್ಕೂವರೆ ಲಕ್ಷದ ಸಮೀಪ. ಇವುಗಳ ನಡುವೆ ದಾರಿ ತೆರೆಯದೆ ಸಾವಿರ ಟ್ಯಾಂಕುಗಳಿದ್ದರೂ ವ್ಯರ್ಥ. ಮೊದಲು ಹೋಗಬೇಕಾದವನು ಸ್ಯಾಪರ್. ಅವನ ಕೈಯಲ್ಲಿ ಪತ್ತೆಯಂತ್ರ. ಅದಿಲ್ಲದಿದ್ದರೆ ಬಯೊನೆಟ್ಟಿನ ತುದಿ. ಮೊಣಕಾಲೂರಿ, ಮರಳನ್ನು ಮೆಲ್ಲಗೆ ಚುಚ್ಚುತ್ತ, ಲೋಹ ತಗುಲಿದರೆ ಬೆರಳಿನಿಂದ ಮಣ್ಣು ಬಿಡಿಸುತ್ತ ಹೋಗಬೇಕು. ಈ ವಿದ್ಯೆಗೆ ಬೆಂಗಳೂರಿನಲ್ಲಿ ಹಳೆಯ ನಂಟಿದೆ. ಮುಳ್ಳುತಂತಿಯ ಬೇಲಿಯನ್ನು ದೂರದಿಂದಲೇ ಸಿಡಿಸಿ ದಾರಿ ಮಾಡುವ ಕೊಳವೆಯಾಕಾರದ ಸ್ಫೋಟಕವನ್ನು ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮ್ಯಾಕ್ಲಿಂಟಾಕ್ ರೂಪಿಸಿದ್ದು 1912ರಲ್ಲಿ, ಇದೇ ಊರಿನಲ್ಲಿ. ಜಗತ್ತಿನ ಸೇನೆಗಳು ಅದನ್ನು ಬೆಂಗಳೂರ್ ಟಾರ್ಪೆಡೊ ಎಂದೇ ಕರೆಯುತ್ತವೆ. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಅಮೆರಿಕನ್ನರು ದಾರಿ ತೆರೆದದ್ದು ಅದರಿಂದಲೇ.

ಆಫ್ರಿಕದ ಯುದ್ಧ 1943ರ ಮೇ ತಿಂಗಳಲ್ಲಿ ಟ್ಯುನೀಷಿಯದಲ್ಲಿ ಮುಗಿಯಿತು. ಅಲ್ಲಿ ಉಳಿದಿದ್ದ ಜರ್ಮನ್ ಸೇನೆಗಳ ಮುಖ್ಯಸ್ಥ ಫಾನ್ ಆರ್ನಿಮ್ ಶರಣಾದದ್ದು 4ನೆಯ ಭಾರತೀಯ ಡಿವಿಷನ್ನಿಗೆ. ಅಲ್ಲಿಂದ ಆ ಡಿವಿಷನ್ ಇಟಲಿಗೆ ಹೋಯಿತು, ಅದರೊಂದಿಗೆ 11ನೆಯ ಫೀಲ್ಡ್ ಪಾರ್ಕ್ ಕಂಪನಿಯೂ ಹೋಯಿತು. ಜಾಲಹಳ್ಳಿಯ ಶಿಬಿರದಲ್ಲಿದ್ದವರ ಊರುಗಳ ಹಾದಿಯಲ್ಲಿ ಈಗ ಬೆಂಗಳೂರಿನ ಸ್ಯಾಪರ್‌ಗಳು ನೆಲಬಾಂಬು ಹುಡುಕುತ್ತಿದ್ದರು.

1944ರ ಫೆಬ್ರುವರಿಯಲ್ಲಿ ಮಿನ್ಯಾನೊ ಎಂಬ ಊರಿನ ಬಳಿ ಈ ಕಂಪನಿಯ ಸುಬೇದಾರ್ ಸುಬ್ರಹ್ಮಣ್ಯನ್ ತಮ್ಮ ಜನರೊಂದಿಗೆ ಅಂತಹದೇ ಕೆಲಸದಲ್ಲಿದ್ದರು. ನೆಲಬಾಂಬೊಂದು ಸಿಡಿಯಲಿದೆ ಎಂಬುದು ಅವರಿಗೆ ತಿಳಿಯಿತು. ಉಳಿದಿದ್ದದ್ದು ಕೆಲವೇ ಕ್ಷಣ. ಅವರು ಅದರ ಮೇಲೆಯೇ ಬಿದ್ದರು. ಜೊತೆಯವರು ಬದುಕಿದರು, ಅವರು ಉಳಿಯಲಿಲ್ಲ. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ನೀಡಲಾಯಿತು.

ಆ ದಿನ ಯಾವ ಡಿವಿಷನ್ನಿನ ಬಳಿ ಎಷ್ಟು ಟ್ಯಾಂಕುಗಳಿದ್ದವು ಎಂಬ ಪಟ್ಟಿ ಎರಡೂ ಕಡೆಯ ಕಚೇರಿಗಳಲ್ಲಿ ಬರೆದಿಟ್ಟಿರುತ್ತದೆ. ಸುಬ್ರಹ್ಮಣ್ಯನ್ ತೆರವು ಮಾಡುತ್ತಿದ್ದ ದಾರಿ ಯಾವ ಪಟ್ಟಿಯ ಅಂಕಣಕ್ಕೂ ಸೇರುವುದಿಲ್ಲ. ಟ್ಯಾಂಕು ಸಾಗಬೇಕಾದದ್ದು ಮಾತ್ರ ಅಂತಹ ದಾರಿಯ ಮೇಲೆಯೇ.