ಮಲಾಕ್ಕಾದ ಮುನ್ಷಿ

ಮನೆಮಾತನ್ನು ಮಕ್ಕಳಿಗೆ ಬೇರೆ ಕಲಿಸಬೇಕೆ ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಮಲಾಕ್ಕಾದ ಮುನ್ಷಿ ಅಬ್ದುಲ್ಲಾ ನೆನಪಾಗುತ್ತಾನೆ. 1796ರಲ್ಲಿ ಹುಟ್ಟಿದ ಈತ ಹುಡುಗನಾಗಿರುವಾಗಲೇ ಅಲ್ಲಿನ ಕೋಟೆಯಲ್ಲಿದ್ದ ಹಿಂದೂಸ್ತಾನದ ಸಿಪಾಯಿಗಳಿಗೆ ಮಲಯ ಭಾಷೆ ಕಲಿಸಿ ‘ಮುನ್ಷಿ’ ಎನಿಸಿಕೊಂಡ. ಮುಂದೆ ಆಂಗ್ಲ ಪಾದ್ರಿಗಳಿಗೂ ವರ್ತಕರಿಗೂ ಗುರುವಾದ.

1849ರಲ್ಲಿ ಅಚ್ಚಾದ ‘ಹಿಕಾಯತ್ ಅಬ್ದುಲ್ಲಾ’ ಎಂಬ ಆತ್ಮಕಥೆಯಲ್ಲಿ ತನ್ನ ಬಾಲ್ಯದ ಪಾಠಶಾಲೆಯನ್ನು ವರ್ಣಿಸಿದ್ದಾನೆ. ಅಲ್ಲಿ ಮಕ್ಕಳು ಅರ್ಥವರಿಯದೆ ಅರಬ್ಬಿ ಪಾಠ ಒಪ್ಪಿಸಬೇಕು. ತುಂಟತನ ಮಾಡಿದರೆ ಬೆತ್ತದ ಕಡ್ಡಿಗಳ ನಡುವೆ ಬೆರಳುಗಳನ್ನು ಅದುಮಿಸಿಕೊಳ್ಳಬೇಕು. ಮಲಯ ನುಡಿಯ ಓದುಬರಹಕ್ಕೆ ಮಾತ್ರ ಶಾಲೆಯೇ ಇಲ್ಲ! ಹುಟ್ಟಿನಿಂದ ಬಂದ ಮಾತಿಗೆ ಗುರುವೇಕೆಂಬುದು ಜನರ ಎಣಿಕೆ. ಅಬ್ದುಲ್ಲಾ ಇದನ್ನು ನಿಷ್ಠುರವಾಗಿ ಖಂಡಿಸಿದ.

ಪರದೇಶಿಗಳು ಸಂಬಳ ಕೊಟ್ಟು ಕಲಿತ ನುಡಿಯನ್ನು ಅದರ ಒಡೆಯರೇ ಕಡೆಗಣಿಸಿದ್ದರು. ಆಡುವ ಮಾತನ್ನು ತಾಯಿ ಕೊಡುತ್ತಾಳೆ; ಅದನ್ನು ಓದಿ, ಬರೆದು, ತಿದ್ದಿಕೊಳ್ಳುವ ಶಕ್ತಿಯನ್ನು ಗುರುವೇ ಕೊಡಬೇಕು. ಕನ್ನಡದ ಮನೆಗಳಿಗೂ ಈ ಮಾತು ಹೊರತಲ್ಲ.